ಬೆನ್ನ ಹಿಂದೆ ಯಾರು?

1916ರ ಮೇ ತಿಂಗಳು. ದಕ್ಷಿಣ ಅಟ್ಲಾಂಟಿಕ್ ಸಾಗರದ ಸೌತ್ ಜಾರ್ಜಿಯಾ ದ್ವೀಪದ ಹಿಮಬೆಟ್ಟಗಳನ್ನು ಮೂವರು ದಾಟುತ್ತಿದ್ದರು: ಅರ್ನೆಸ್ಟ್ ಶಾಕಲ್ಟನ್, ಫ್ರಾಂಕ್ ವರ್ಸ್ಲಿ, ಟಾಮ್ ಕ್ರೀನ್. ಅವರ ಹಡಗನ್ನು ಹಿಂದಿನ ವರ್ಷವೇ ಹಿಮಗಡ್ಡೆಗಳು ಹಿಂಡಿ ಮುಳುಗಿಸಿದ್ದವು. ದೂರದ ಎಲಿಫೆಂಟ್ ದ್ವೀಪದಲ್ಲಿ 22 ಮಂದಿ ಜೊತೆಗಾರರು ಇವರ ದಾರಿ ನೋಡುತ್ತಿದ್ದರು. ದ್ವೀಪದ ಒಳಭಾಗದ ನಕ್ಷೆಯನ್ನು ಅದುವರೆಗೆ ಯಾರೂ ಬರೆದಿರಲಿಲ್ಲ. ಜಾರದಿರಲೆಂದು ಬೂಟಿನ ಅಡಿಗೆ ಸ್ಕ್ರೂ ಹೊಡೆದುಕೊಂಡು, ಒಂದೇ ಹಗ್ಗಕ್ಕೆ ಮೂವರೂ ಬಿಗಿದುಕೊಂಡು, ಸುಮಾರು 36 ಗಂಟೆ ನಡೆದರು. ಬದುಕಿ ಬಂದರು, ಎಲ್ಲರನ್ನೂ ಬದುಕಿಸಿದರು. ಆದರೆ ಆ ನಡಿಗೆಯಲ್ಲಿ ತಾವು ಮೂವರಲ್ಲ, ನಾಲ್ವರಿದ್ದೆವೆಂದು ತಮಗೆ ಮತ್ತೆಮತ್ತೆ ಅನಿಸಿತ್ತೆಂದು ಶಾಕಲ್ಟನ್ ಆಮೇಲೆ ಬರೆದ. ಅವನು ಬಾಯಿ ಬಿಡುವ ಮುಂಚೆಯೇ ವರ್ಸ್ಲಿ ಅದೇ ಮಾತನ್ನು ಹೇಳಿಕೊಂಡಿದ್ದ. ಕ್ರೀನ್‌ಗೂ ಹಾಗೆಯೇ ಅನಿಸಿತ್ತು.

ಸಾಹಸಿಗಳ ಲೋಕದಲ್ಲಿ ಅದೊಂದು ವಿಸ್ಮಯದ ಕತೆಯಾಗಿ ಉಳಿಯಿತು. ಸಾವನ್ನು ಅಷ್ಟು ಹತ್ತಿರದಿಂದ ಕಂಡವರಿಗೆ ಏನೋ ಕಾಣುತ್ತದೆ, ಪುಣ್ಯ ಮಾಡಿದ್ದರು ಎಂದುಕೊಂಡು ಜನ ಸುಮ್ಮನಾದರು. ಹಿಮದ ಮೇಲಿನ ಆ ನಾಲ್ಕನೆಯವನು ಹೆಂಚಿನ ಮನೆಗಳಲ್ಲೂ ಓಡಾಡುತ್ತಿದ್ದಾನೆ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ.

ಅದನ್ನು ಎಣಿಸಿ ತೋರಿಸಿದವನು ಒಬ್ಬ ಹಳ್ಳಿಗಾಡಿನ ವೈದ್ಯ. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಲಾನಿಡ್ಲೋಸ್ ಎಂಬ ಸಣ್ಣ ಊರಿನಲ್ಲಿ ಡ್ಯೂಯಿ ರೀಸ್ ವೃತ್ತಿ ನಡೆಸುತ್ತಿದ್ದರು. ಹತ್ತಿರದವರು ಸತ್ತ ಮನೆಯಲ್ಲಿ ವರ್ಷದೊಳಗೆ ಇನ್ನೊಂದು ಸಾವು ಆಗುವುದು ಹೆಚ್ಚು ಎಂದು ಅವರು 1967ರಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ಸೇರಿ ಲೆಕ್ಕ ಹಾಕಿ ತೋರಿಸಿದ್ದರು. ದುಃಖಕ್ಕೆ ಕೊಲ್ಲುವ ಶಕ್ತಿಯಿದೆ ಎಂದ ಮೇಲೆ ಅದು ಬದುಕಿರುವವರಿಗೆ ಇನ್ನೇನು ಮಾಡುತ್ತದೆ? ರೀಸ್ ತಮ್ಮ ಸೀಮೆಯ ವಿಧವೆ, ವಿಧುರರನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸಲು ಹೊರಟರು. ಕೇಳಬೇಕಿದ್ದ ಪ್ರಶ್ನೆ ಸುಲಭದ್ದಲ್ಲ. ತೀರಿಕೊಂಡ ಗಂಡ ಇನ್ನೂ ಮನೆಯಲ್ಲೇ ಇದ್ದಂತೆ ಅನಿಸುತ್ತದೆಯೇ ಎಂದು ಒಬ್ಬ ವೈದ್ಯ ಕೇಳಿದರೆ, ನನಗೆ ಹುಚ್ಚು ಎಂದು ತೀರ್ಮಾನಿಸಲು ಬಂದಿದ್ದಾನೆ ಎಂದುಕೊಳ್ಳುವುದು ಸಹಜ. ಆದರೂ 293 ಮಂದಿ ಬಾಯಿ ಬಿಟ್ಟರು.

1971ರಲ್ಲಿ ಲೆಕ್ಕ ಹೊರಗೆ ಬಂತು. ಹೆಚ್ಚು ಕಡಿಮೆ ಅರ್ಧದಷ್ಟು ಜನಕ್ಕೆ ಸತ್ತ ಸಂಗಾತಿಯ ಅನುಭವ ಆಗಿತ್ತು. ಹತ್ತರಲ್ಲಿ ನಾಲ್ವರಿಗೆ ಪಕ್ಕದಲ್ಲೇ ಇದ್ದಾರೆ ಎಂಬ ಭಾವ. ನೂರರಲ್ಲಿ 14 ಮಂದಿ ಕಂಡಿದ್ದರು, 13 ಮಂದಿ ದನಿ ಕೇಳಿದ್ದರು. ಅನುಭವವಾದವರಲ್ಲಿ ಮೂರರಲ್ಲಿ ಎರಡು ಪಾಲು ಜನಕ್ಕೆ ಅದರಿಂದ ಸಮಾಧಾನವೇ ಸಿಕ್ಕಿತ್ತು. ಬಹುಕಾಲ ಅನ್ಯೋನ್ಯವಾಗಿ ಬಾಳಿದವರಲ್ಲಿ ಈ ಅನುಭವ ಇನ್ನೂ ಹೆಚ್ಚು. ಆದರೆ ರೀಸ್ ಅವರನ್ನೇ ತಡೆದು ನಿಲ್ಲಿಸಿದ್ದು ಬೇರೊಂದು ಅಂಕಿ. ಇಷ್ಟು ಜನರಲ್ಲಿ ಒಬ್ಬರೂ ಅದನ್ನು ತಮ್ಮ ವೈದ್ಯರ ಬಳಿ ಹೇಳಿಕೊಂಡಿರಲಿಲ್ಲ. ಜ್ವರ, ಕೆಮ್ಮು, ಮೊಣಕಾಲು ನೋವು ಎಲ್ಲವನ್ನೂ ಹೇಳಿಕೊಂಡು ಬಂದವರು ಇದೊಂದನ್ನು ಎದೆಯಲ್ಲಿ ಮುಚ್ಚಿಟ್ಟುಕೊಂಡು ಮನೆಗೆ ಹೋಗುತ್ತಿದ್ದರು.

ಅದಕ್ಕೆ ಎರಡು ವರ್ಷ ಮುಂಚೆ, 1969ರಲ್ಲಿ, ಜೋ ಯಮಾಮೊಟೊ ಎಂಬ ಮನೋವೈದ್ಯ ಮತ್ತು ಸಂಗಡಿಗರು ಟೋಕಿಯೊದಲ್ಲಿ ರಸ್ತೆ ಅಪಘಾತಗಳಲ್ಲಿ ಗಂಡನನ್ನು ಕಳೆದುಕೊಂಡ 20 ಹೆಂಗಸರನ್ನು ಮಾತಾಡಿಸಿದ್ದರು. ಬೆಳಿಗ್ಗೆ ಮನೆಯಿಂದ ಹೋದವನು ಸಂಜೆ ಬರಲಿಲ್ಲ ಎಂಬಂಥ ಸಾವುಗಳು. ಅಲ್ಲಿ ಹತ್ತರಲ್ಲಿ ಒಂಬತ್ತು ಮಂದಿಗೆ ಗಂಡ ಜೊತೆಯಲ್ಲಿದ್ದಾನೆ ಎನಿಸುತ್ತಿತ್ತು. ಅವರ ಮನೆಗಳಲ್ಲಿ ಹಿರಿಯರ ಪೀಠ ಇರುತ್ತದೆ, ಅದರ ಮುಂದೆ ಅನ್ನ ಇಟ್ಟು ಸತ್ತವರ ಜೊತೆ ಮಾತಾಡುವ ರೂಢಿಯಿದೆ. ಹಾಗಾಗಿ ಅವರು ಅದನ್ನು ಹೇಳಲು ನಾಚಿಕೊಳ್ಳಲಿಲ್ಲ.

ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆ ಕಡೆಯ ಯಾವ ಮನೆಗೂ ಇದು ಹೊಸ ವಿಷಯವಲ್ಲ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಟ್ಟು, ಕದ ಮುಂದಕ್ಕೆ ಮಾಡಿ, ಮನೆಯವರೆಲ್ಲ ಸ್ವಲ್ಪ ಹೊತ್ತು ಹೊರಗೆ ಕೂರುತ್ತಾರೆ. "ಬಂದು ಹೋದಂಗಾಯ್ತು" ಎಂದು ಯಾರಾದರೂ ಅಂದರೆ ಆ ದಿನ ಯಾರೂ ನಗುವುದಿಲ್ಲ. ಅದೇ ಮಾತನ್ನು ಬೇರೆ ದಿನ ಅಂದರೆ ತಾಯತಕ್ಕೆ ಓಡುತ್ತಾರೆ. ಆ ಸೀಮೆಯ ಹಳೇ ಮನೆಗಳಲ್ಲಿ ಅಟ್ಟದ ಮೇಲೆ ತೆಂಗಿನಕಾಯಿ ತಿಂಗಳುಗಟ್ಟಲೆ ಒಣಗುತ್ತದೆ. ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟ ಮೇಲೆ, ರಾತ್ರಿ ಇಲಿ ಹರಿದಾಡಿ ಕಾಯಿ ಉರುಳಿದರೆ ಒಳಗಿನ ಉಂಡೆ ಲೊಟಲೊಟ ಎನ್ನುತ್ತದೆ. ಆ ಸದ್ದಿಗೆ ಕಾರಣ ಬೇಕೆಂದರೆ ಏಣಿ ಹತ್ತಿ ನೋಡಬಹುದು. ಬೆನ್ನ ಹಿಂದೆ ಯಾರೋ ನಿಂತಂತೆ ಆಗುವುದಕ್ಕೆ ಹತ್ತಿ ನೋಡುವ ಅಟ್ಟ ಯಾವುದು?

ಕರ್ನಾಟಕದಲ್ಲಿ ಇಂಥದ್ದನ್ನು ಗೌರವದಿಂದ ವಿಚಾರಿಸಿದವರಿದ್ದಾರೆ. ಮೋರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಎಂಬ ಮನೋವೈದ್ಯರು ಕರಾವಳಿಯ ಕೋಟ ಗ್ರಾಮದಲ್ಲಿ ಬ್ರಾಹ್ಮಣ, ಬಂಟ, ಮೊಗೇರ ಮನೆಗಳ ಬಾಗಿಲು ತಟ್ಟಿದರು. ಜನರ ಸಂಕಟಗಳ ಜೊತೆಗೆ ಮೈಮೇಲೆ ಬರುವುದನ್ನೂ ಕೇಳಿ ಬರೆದುಕೊಂಡರು. ವೈದ್ಯ, ಮಂತ್ರವಾದಿ, ದೈವ ಮೈಮೇಲೆ ಬರುವ ಪಾತ್ರಿ ಮೂವರ ಬಳಿಯೂ ಕೂತರು. ಅವರ ಪುಸ್ತಕ 1976ರಲ್ಲಿ ಬಂತು. ಐದು ವರ್ಷ ಕಳೆಯುವಷ್ಟರಲ್ಲಿ, 1981ರ ಫೆಬ್ರವರಿ 7ರಂದು, ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿತ್ತು. ತೊಂಬತ್ತಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ಮಕ್ಕಳು. ನಿಮ್ಹಾನ್ಸ್‌ನ ಎಚ್.ಎಸ್. ನಾರಾಯಣನ್ ಮತ್ತು ಸಂಗಡಿಗರು ಮಕ್ಕಳನ್ನು, ಬಂಧುಗಳನ್ನು ಕಳೆದುಕೊಂಡ ಆ ಮನೆಯವರ ದುಃಖವನ್ನು ಅಭ್ಯಸಿಸಿ 1987ರಲ್ಲಿ ಪ್ರಕಟಿಸಿದರು. ದುರಂತದಲ್ಲಿ ಉಳಿದವರ ಮನಸ್ಸಿಗೂ ಆರೈಕೆ ಬೇಕು ಎಂಬುದು ನಮ್ಮಲ್ಲಿ ಆಸ್ಪತ್ರೆಯ ವಿಷಯವಾದದ್ದು ಇಂಥ ಕೆಲಸಗಳಿಂದ.

ಜನಕ್ಕೆ ಏನಾಗುತ್ತದೆ ಎಂಬುದು ಹೀಗೆ ಮೆಲ್ಲಗೆ ಗೊತ್ತಾಯಿತು. ಯಾಕೆ ಆಗುತ್ತದೆ ಎಂಬುದು ಗೊತ್ತಾದದ್ದು ಮಾತ್ರ ಆಕಸ್ಮಿಕವಾಗಿ, ಅದನ್ನು ಹುಡುಕುತ್ತಲೇ ಇರದವರ ಕೈಯಲ್ಲಿ.

ಸ್ವಿಟ್ಜರ್ಲೆಂಡಿನ ಜಿನೀವಾದ ಆಸ್ಪತ್ರೆಯಲ್ಲಿ 22 ವರ್ಷದ ಹುಡುಗಿಯೊಬ್ಬಳು ಮೂರ್ಛೆರೋಗದ ಶಸ್ತ್ರಚಿಕಿತ್ಸೆಗೆ ಸಿದ್ಧವಾಗುತ್ತಿದ್ದಳು. ಮಾತಿನ ಭಾಗಕ್ಕೆ ಕತ್ತರಿ ತಾಗದಿರಲೆಂದು ವೈದ್ಯರು ಅವಳ ಮಿದುಳಿನ ಒಂದೊಂದು ಜಾಗಕ್ಕೂ ಸಣ್ಣಗೆ ವಿದ್ಯುತ್ ಕೊಟ್ಟು ಪರೀಕ್ಷಿಸುತ್ತಿದ್ದರು. ಎಡಗಿವಿಯ ಮೇಲ್ಭಾಗಕ್ಕೆ ಹತ್ತಿರದ ಒಂದು ಜಾಗಕ್ಕೆ ವಿದ್ಯುತ್ ಹರಿದಾಗ ಅವಳು ತಿರುಗಿ ನೋಡಿದಳು. ಹಿಂದೆ ಯಾರೋ ಇದ್ದಾರೆ ಎಂದಳು. ನಿಲ್ಲಿಸಿದರು, ಅವನು ಮಾಯ. ಮತ್ತೆ ಕೊಟ್ಟರು, ಮತ್ತೆ ಬಂದ. ಅವಳು ಮಲಗಿದ್ದರೆ ಆ ನೆರಳಿನ ಮನುಷ್ಯ ಅವಳ ಬೆನ್ನಿಗಂಟಿ ಮಲಗಿರುತ್ತಿದ್ದ. ಎದ್ದು ಕೂತು ಮೊಣಕಾಲು ಅಪ್ಪಿಕೊಂಡಾಗ ಅವನೂ ಕೂತು ಅವಳನ್ನೇ ಅಪ್ಪಿಕೊಂಡ, ಅವಳಿಗೆ ಹಿಂಸೆಯಾಯಿತು. ಕೈಗೆ ಕಾರ್ಡು ಕೊಟ್ಟು ಓದಿಸಿದರೆ, ಅವನು ಕಾರ್ಡು ಕಿತ್ತುಕೊಳ್ಳಲು ನೋಡುತ್ತಿದ್ದಾನೆ ಎಂದಳು. ಅವಳು ಏನು ಮಾಡಿದರೂ ಅವನೂ ಅದನ್ನೇ ಮಾಡುತ್ತಿದ್ದಾನೆ ಎಂಬುದು ವೈದ್ಯರಿಗೆ ಕಂಡಿತು. ಅವಳಿಗೆ ಮಾತ್ರ ಕಾಣಲಿಲ್ಲ. ಶಹರ್ ಆರ್ಜಿ, ಓಲಾಫ್ ಬ್ಲಾಂಕೆ ಮತ್ತು ಸಂಗಡಿಗರು 2006ರಲ್ಲಿ ಇದನ್ನು 'ನೇಚರ್' ಪತ್ರಿಕೆಯಲ್ಲಿ ಬರೆದರು.

ಒಬ್ಬ ರೋಗಿಯ ಮಾತು ನೆಚ್ಚಿಕೊಂಡು ಕೂರುವಂತಿಲ್ಲ. ತಲೆ ತೆರೆಯದೆಯೇ ಗಟ್ಟಿಮುಟ್ಟಾದವರಲ್ಲೂ ಆ ಅನುಭವ ಹುಟ್ಟಿಸಬಹುದೇ? ಬ್ಲಾಂಕೆ ತಂಡ ಒಂದು ಯಂತ್ರ ಕಟ್ಟಿತು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ವ್ಯಕ್ತಿ ಮುಂದಿನ ಹಿಡಿಯನ್ನು ಬೆರಳಿನಿಂದ ಆಡಿಸಿದರೆ, ಹಿಂದಿನ ಯಂತ್ರದ ತೋಳು ಅದೇ ಚಲನೆಯಲ್ಲಿ ಬೆನ್ನು ಮುಟ್ಟುತ್ತಿತ್ತು. ಎರಡೂ ಒಟ್ಟಿಗೆ ಆದಾಗ ಜನಕ್ಕೆ ತಮ್ಮ ಬೆನ್ನನ್ನು ತಾವೇ ಮುಟ್ಟಿಕೊಂಡಂತಾಯಿತು. ಆಮೇಲೆ ಯಂತ್ರವನ್ನು ಅರ್ಧ ಸೆಕೆಂಡು ತಡ ಮಾಡಿದರು. ಅಷ್ಟೇ ಸಾಕಾಯಿತು. ಹಿಂದೆ ಯಾರೋ ಇದ್ದಾರೆ ಎಂದು ಕೆಲವರು ತಾವಾಗಿಯೇ ಹೇಳಿದರು. ಇಬ್ಬರು ಭಯ ತಾಳಲಾರದೆ ಪ್ರಯೋಗ ನಿಲ್ಲಿಸಿ ಎಂದರು. ಅದು 2014.

ಮೈ ಎಲ್ಲಿದೆ, ಏನು ಮಾಡುತ್ತಿದೆ ಎಂದು ಮಿದುಳು ಕ್ಷಣಕ್ಷಣವೂ ಲೆಕ್ಕ ಇಡುತ್ತದೆ. ಆ ಲೆಕ್ಕ ತಪ್ಪಿದಾಗ ತನ್ನದೇ ಮೈಯ ಸುದ್ದಿಯನ್ನು ಇನ್ನೊಬ್ಬರದೆಂದು ಓದಿಕೊಳ್ಳುತ್ತದೆ. ಶಾಕಲ್ಟನ್‌ನ ದಣಿವು, ಚಳಿ, ನಿದ್ದೆಗೇಡು ಆ ಲೆಕ್ಕವನ್ನು ಕೆಡಿಸಿರಬೇಕು. ಸಂಗಾತಿ ಸತ್ತವರಲ್ಲಿ ಇನ್ನೊಂದು ಎಳೆಯೂ ಇದೆ: ನಲವತ್ತು ವರ್ಷ ಪಕ್ಕದಲ್ಲಿ ಕೆಮ್ಮಿದವನ ಕೆಮ್ಮನ್ನು ಮಿದುಳು ಅವನು ಹೋದ ಮೇಲೂ ಕಾಯುತ್ತಿರುತ್ತದೆ, ಕೆಲವೊಮ್ಮೆ ಕಾದದ್ದನ್ನೇ ಕೇಳಿಸಿಕೊಳ್ಳುತ್ತದೆ. ತೀರಿಕೊಂಡವರ ದನಿ ಕೇಳಿಸುವುದು, ಅವರು ಕ್ಷಣಕಾಲ ಕಾಣಿಸುವುದು ದುಃಖದ ಸಹಜ ಭಾಗ, ಅದನ್ನು ಕಾಯಿಲೆಯ ಲಕ್ಷಣವೆಂದು ಎಣಿಸಬಾರದು ಎಂಬ ತಿಳಿವಳಿಕೆ 1994ರ ಹೊತ್ತಿಗೆ ಅಮೆರಿಕದ ಮನೋವೈದ್ಯರ ಕೈಪಿಡಿಯನ್ನು ಸೇರಿತ್ತು. ರೀಸ್ ಮನೆಮನೆಗೆ ಹೋಗಿ ಕೇಳಿದ ಪ್ರಶ್ನೆಯನ್ನು ಇಂದು ವೈದ್ಯರೇ ಮೊದಲು ಕೇಳಬಲ್ಲರು.