ಹದಿನೆಂಟು ವರ್ಷದ ಲೆಕ್ಕ, ಎಂಟು ಗಂಟೆಯ ಬಾಕಿ

ಚಂದ್ರನ ಹಾದಿ ಭೂಮಿಯ ಹಾದಿಗೆ ಸುಮಾರು 5 ಡಿಗ್ರಿ ಓರೆ. ಹಾಗಾಗಿ ಬಹುಪಾಲು ಅಮಾವಾಸ್ಯೆಗಳಲ್ಲಿ ಅವನ ನೆರಳು ಭೂಮಿಗೆ ತಾಗದೆ ಮೇಲೋ ಕೆಳಗೋ ಹೊರಟುಹೋಗುತ್ತದೆ. ಎರಡು ಹಾದಿಗಳು ಕೂಡುವ ಬಿಂದುಗಳನ್ನೇ ಪಂಚಾಂಗ ರಾಹು, ಕೇತು ಎನ್ನುವುದು. ಅಮಾವಾಸ್ಯೆ ಅವುಗಳ ಹತ್ತಿರ ಬಿದ್ದರೆ ಗ್ರಹಣ. ಆಗ ಚಂದ್ರ ಭೂಮಿಗೆ ಸಮೀಪವಿದ್ದರೆ ಖಗ್ರಾಸ, ದೂರವಿದ್ದರೆ ಕಂಕಣ. ಇಷ್ಟೆಲ್ಲ ಒಟ್ಟಿಗೆ ಒದಗಬೇಕಾದ ಘಟನೆ ಸರೋಸ್ ಚಕ್ರದಂತೆ 18 ವರ್ಷ 11 ದಿನಕ್ಕೊಮ್ಮೆ ಮರಳುವುದಕ್ಕೆ ಯಾವ ನಿಯಮವೂ ಇಲ್ಲ. ಮೂರು ಲೆಕ್ಕಗಳು ಆಕಸ್ಮಿಕವಾಗಿ ಹೆಚ್ಚುಕಡಿಮೆ ತಾಳೆಯಾಗುತ್ತವೆ, ಅಷ್ಟೆ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಎಣಿಸಿದ 223 ತಿಂಗಳು ಎಂದರೆ 6585.32 ದಿನ. ಚಂದ್ರ ರಾಹುವಿನಿಂದ ಹೊರಟು ಮತ್ತೆ ರಾಹುವಿಗೆ 242 ಬಾರಿ ಬರಲು 6585.36 ದಿನ. ಭೂಮಿಗೆ ಅತಿ ಸಮೀಪದ ಸ್ಥಾನಕ್ಕೆ 239 ಬಾರಿ ಮರಳಲು 6585.54 ದಿನ.

ಚಕ್ರವಿದ್ದರೆ ಅದೇ ಊರಿನಲ್ಲಿ ಮತ್ತೆ ಏಕೆ ಕಾಣುವುದಿಲ್ಲ? ಆ ದಶಮಾಂಶದಲ್ಲೇ ಉತ್ತರವಿದೆ. 0.32 ದಿನವೆಂದರೆ ಸುಮಾರು ಎಂಟು ಗಂಟೆ; ಅಷ್ಟರಲ್ಲಿ ಭೂಮಿ ಮೂರನೇ ಒಂದು ಸುತ್ತು ತಿರುಗಿರುತ್ತದೆ. 1980ರ ಫೆಬ್ರವರಿ 16ರಂದು ಹುಬ್ಬಳ್ಳಿ, ರಾಯಚೂರು ಸೀಮೆಯನ್ನು ಹಾದ ನೆರಳು 1998ರಲ್ಲಿ ಪನಾಮಾ, ಕೊಲಂಬಿಯಾಗಳ ಮೇಲೆ, 2016ರಲ್ಲಿ ಇಂಡೋನೇಷ್ಯಾದ ಮೇಲೆ ಬಿತ್ತು. ಮೂರು ಆವರ್ತನೆಯಾದಾಗ ಒಂದು ಸುತ್ತು ಪೂರ್ತಿಯಾಗಿ ಅದು ಮತ್ತೆ ನಮ್ಮ ರೇಖಾಂಶಗಳತ್ತ ಬರುತ್ತದೆ, ಆದರೆ ಬಹಳ ಉತ್ತರಕ್ಕೆ ಸರಿದು. 223 ಮತ್ತು 242ರ ಲೆಕ್ಕಗಳ ನಡುವಿನ ಐವತ್ತು ನಿಮಿಷದ ವ್ಯತ್ಯಾಸ ಪ್ರತಿ ಸಲವೂ ಕೂಡುತ್ತ ಹೋಗುತ್ತದೆ. ದಕ್ಷಿಣ ಧ್ರುವದ ಬಳಿ 1096ರಲ್ಲಿ ಪಾರ್ಶ್ವ ಗ್ರಹಣವಾಗಿ ಶುರುವಾದ ಈ ಸರಣಿ ಒಟ್ಟು 73 ಗ್ರಹಣಗಳಾದ ಮೇಲೆ 2394ರಲ್ಲಿ ಉತ್ತರದ ತುದಿಯಿಂದ ಜಾರಿ ಮುಗಿಯಲಿದೆ. ನಿಯಮವಾಗಿದ್ದರೆ ಅದಕ್ಕೆ ಹುಟ್ಟುಸಾವು ಇರುತ್ತಿರಲಿಲ್ಲ. ಇಂಥ ಸುಮಾರು ನಲವತ್ತು ಸರಣಿಗಳು ಏಕಕಾಲಕ್ಕೆ ನಡೆಯುತ್ತಿರುವುದರಿಂದಲೇ ಗ್ರಹಣಕ್ಕಾಗಿ ಜಗತ್ತು ಹದಿನೆಂಟು ವರ್ಷ ಕಾಯಬೇಕಿಲ್ಲ.

ಪಂಚಾಂಗ ಗ್ರಹಣವನ್ನು ನಿಮಿಷಕ್ಕೆ ಸರಿಯಾಗಿ ಹೇಳುತ್ತದಲ್ಲ, ಅದು ಹೇಳುವ ಫಲವೂ ನಿಜವಿರಬೇಕಲ್ಲವೇ ಎಂದು ವಾದಿಸುವವರಿದ್ದಾರೆ. ಗಣಿತದ ಮರ್ಯಾದೆಯನ್ನು ಫಲಜ್ಯೋತಿಷಕ್ಕೆ ದಾಟಿಸುವ ಜಾಣತನವಿದು. 1980ಕ್ಕೆ ಹಿಂದಿನ ಆವರ್ತನೆ ಬಂದದ್ದು 1962ರ ಫೆಬ್ರವರಿ 5ರಂದು, ಅಷ್ಟಗ್ರಹ ಕೂಟದ ಹೊತ್ತಿನಲ್ಲೇ. ಪ್ರಳಯವಾಗುತ್ತದೆಂದು ದೇಶದ ಉದ್ದಗಲಕ್ಕೂ ಹೋಮಹವನಗಳು ನಡೆದವು. ಲೆಕ್ಕ ತಪ್ಪಲಿಲ್ಲ, ಗ್ರಹಣ ಹೇಳಿದ ಹೊತ್ತಿಗೇ ಪೆಸಿಫಿಕ್ ಸಾಗರದ ಮೇಲೆ ಹಾದುಹೋಯಿತು. ಪ್ರಳಯ ಮಾತ್ರ ಬರಲಿಲ್ಲ. ಅದೇ ಲೆಕ್ಕದ ಪ್ರಕಾರ ಉತ್ತರ ಕರ್ನಾಟಕ ಕಂಡ ಆ ನೆರಳು ಭಾರತದ ನೆಲಕ್ಕೆ ಮರಳುವುದು 2034ರ ಮಾರ್ಚ್ 20ರಂದು. ನೋಡಬೇಕೆನ್ನುವವರು ಕಾರ್ಗಿಲ್ ಕಡೆಗೆ ಹೋಗಬೇಕು.