ಕೋಳಿ, ಅನ್ನ ಮತ್ತು ಊರು ಬಿಟ್ಟವರ ಅಡುಗೆ

ಮುಂಬಯಿ ಲೋಕಲ್ ಹಾದಿಯಲ್ಲಿ ಡೊಂಬಿವಲಿ ಮತ್ತು ಕಲ್ಯಾಣದ ನಡುವಿನ ಪುಟ್ಟ ನಿಲ್ದಾಣ ಠಾಕುರ್ಲಿ. ಫಾಸ್ಟ್ ಲೋಕಲ್‌ಗಳು ಇಲ್ಲಿ ನಿಲ್ಲುವುದಿಲ್ಲ. ಒಂದು ಕಾಲಕ್ಕೆ ರೈಲ್ವೆಯ ಚೋಳಾ ಪವರ್ ಹೌಸ್‌ನಿಂದ ಹೆಸರಾಗಿದ್ದ ಊರಲ್ಲಿ ಈಗ ಎತ್ತರದ ಕಟ್ಟಡಗಳು ಎದ್ದಿವೆ. ಸಂಜೆ ಸ್ಲೋ ಲೋಕಲ್‌ನಿಂದ ಇಳಿದವರು ಹಸಿದು ಹೊಕ್ಕುವ ಸಣ್ಣ ಹೋಟೆಲುಗಳಲ್ಲಿ ಚಿಕನ್ ಬಿರಿಯಾನಿ, ಚಿಕನ್ ಫ್ರೈಡ್ ರೈಸ್, ಶೆಜ್ವಾನ್ ರೈಸ್ ಸಿಗುತ್ತವೆ. ಗಲ್ಲಾದಲ್ಲಿ ಕುಳಿತವರು ನಮ್ಮ ಕರಾವಳಿಯವರಾದರೆ ಚಿಕನ್ ಸುಕ್ಕ, ನೀರುದೋಸೆ, ಕೋರಿ ರೊಟ್ಟಿಯೂ ಉಂಟು. ಮರಾಠಿ ಗಿರಾಕಿಗೂ ಅವರು ‘ಅಣ್ಣಾ’ನೇ.

ಸಿಂಗಾಪುರದ ಪ್ರಸಿದ್ಧ ಹೈನಾನೀಸ್ ಚಿಕನ್ ರೈಸ್ ಇಲ್ಲಿನ ಮೆನುವಿನಲ್ಲಿ ಕಾಣುವುದು ಅಪರೂಪ. ಆದರೆ ಅದರ ಕಥೆ ಠಾಕುರ್ಲಿಯ ಶೆಟ್ಟಿ ಹೋಟೆಲಿನ ಕಥೆಗೆ ಬಹಳ ಹತ್ತಿರದ್ದು.

ಕೊನೆಗೆ ಬಂದವರ ಪಾಲು

ಚೀನಾದ ದಕ್ಷಿಣದ ತುದಿಯಲ್ಲಿರುವ ದ್ವೀಪ ಹೈನಾನ್. ಅಲ್ಲಿನ ವೆನ್‌ಚಾಂಗ್ ಎಂಬ ಊರಿನ ಕೋಳಿಗೆ ಹಿಂದಿನಿಂದಲೂ ಹೆಸರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹೈನಾನಿನವರು ಸಿಂಗಾಪುರ, ಮಲಯಗಳಿಗೆ ದೊಡ್ಡ ಸಂಖ್ಯೆಯಲ್ಲಿ ಬಂದಾಗ ವ್ಯಾಪಾರದ ಒಳ್ಳೆಯ ದಾರಿಗಳೆಲ್ಲ ಮೊದಲೇ ಬಂದ ಇತರ ಚೀನೀ ಸಮುದಾಯಗಳ ಕೈಯಲ್ಲಿದ್ದವು. ಉಳಿದದ್ದು ಅಡುಗೆಮನೆ. ಬ್ರಿಟಿಷರ ಬಂಗಲೆಗಳಲ್ಲಿ, ಶ್ರೀಮಂತರ ಮನೆಗಳಲ್ಲಿ, ಹಡಗು ಮತ್ತು ಹೋಟೆಲುಗಳಲ್ಲಿ ಅವರು ಅಡುಗೆಯವರಾದರು, ಕಾಫಿ ಅಂಗಡಿ ತೆರೆದರು. ವಾಂಗ್ ಯಿಯುವಾನ್ ಎಂಬುವರು ಬಿದಿರಿನ ಬುಟ್ಟಿ ಹೊತ್ತು ಕೋಳಿ ಮತ್ತು ಅನ್ನದುಂಡೆ ಮಾರುತ್ತಿದ್ದರೆಂದು ಸಿಂಗಾಪುರದವರು ನೆನೆಯುತ್ತಾರೆ. ಅವರ ಬಳಿ ಕೆಲಸ ಕಲಿತವರು ಮಿಡ್ಲ್ ರೋಡಿನಲ್ಲಿ ತೆರೆದ ಸ್ವೀ ಕೀ ಹೋಟೆಲು ಈ ತಿನಿಸನ್ನು ಮನೆಮಾತಾಗಿಸಿತು. 1997ರಲ್ಲಿ ಅದು ಬಾಗಿಲು ಹಾಕುವ ಹೊತ್ತಿಗೆ ಚಿಕನ್ ರೈಸ್ ಸಿಂಗಾಪುರದ ರಾಷ್ಟ್ರೀಯ ತಿನಿಸೇ ಆಗಿಹೋಗಿತ್ತು.

ತಟ್ಟೆಯಲ್ಲಿ ಕಾಣುವುದು ಇಷ್ಟೇ: ಬೇಯಿಸಿದ ಕೋಳಿಯ ತುಂಡು, ಅನ್ನ, ಸೌತೆಕಾಯಿ, ಮೆಣಸಿನಕಾಯಿ ಚಟ್ನಿ, ಶುಂಠಿ, ಕಪ್ಪು ಸೋಯಾ ಸಾಸ್, ಬಟ್ಟಲಲ್ಲಿ ತಿಳಿ ಸಾರು. ಇಡೀ ಕೋಳಿಯನ್ನು ಕುದಿ ಬಾರದ ಬಿಸಿನೀರಿನಲ್ಲಿ ನಿಧಾನವಾಗಿ ಬೇಯಿಸಿ, ತೆಗೆದ ಕೂಡಲೇ ಮಂಜುಗಡ್ಡೆಯ ನೀರಿಗೆ ಹಾಕುತ್ತಾರೆ. ಕುದಿಸಿದರೆ ಮಾಂಸ ನಾರಾಗುತ್ತದೆ. ತಣ್ಣೀರು ತಗುಲಿದರೆ ತೊಗಲು ಬಿಗಿದು ನುಣುಪಾಗುತ್ತದೆ. ಕೋಳಿಯದೇ ಕೊಬ್ಬನ್ನು ಕರಗಿಸಿ, ಅದರಲ್ಲಿ ಶುಂಠಿ, ಬೆಳ್ಳುಳ್ಳಿ, ಅಕ್ಕಿ ಹುರಿದು, ಕೋಳಿ ಬೆಂದ ನೀರಿನಲ್ಲೇ ಅನ್ನ ಮಾಡುತ್ತಾರೆ. ಪರಿಮಳಕ್ಕೆ ಪಾಂಡನ್ ಎಲೆ. ಕೊಂಕಣದ ಮರಾಠಿ ಮನೆಗಳಲ್ಲಿ ‘ಅಂಬೆಮೋಹೋರ್ ಎಲೆ’ ಎಂದು ಕುಂಡದಲ್ಲಿ ಬೆಳೆಸಿ ಅನ್ನಕ್ಕೆ ಹಾಕುವುದು ಇದೇ ಎಲೆಯನ್ನು. ಒಂದೇ ಕೋಳಿಯಿಂದ ಮಾಂಸ, ಅನ್ನ, ಸಾರು ಮೂರೂ ಆಗಬೇಕು, ಏನೂ ಪೋಲಾಗಬಾರದು: ಬಡ ವಲಸಿಗನ ಈ ಲೆಕ್ಕವೇ ಅದರ ರುಚಿಯ ಮೂಲ.

ನಮ್ಮವರ ದಾರಿ

ತುಳುನಾಡಿನವರೂ ಮುಂಬಯಿಗೆ ಬಂದದ್ದು ಹೊಟ್ಟೆಪಾಡಿಗೆ. ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ್ದು 1998ರಲ್ಲಿ. ಅದಕ್ಕೆ ಮೊದಲಿನ ತಲೆಮಾರುಗಳು ಹಡಗಿನಲ್ಲಿ, ಘಟ್ಟ ಹತ್ತಿಳಿಯುವ ಬಸ್ಸಿನಲ್ಲಿ ಬಂದವು. 1974ರ ಭೂಸುಧಾರಣೆಯ ನಂತರ ಗೇಣಿಯ ಗದ್ದೆ ಕೈಬಿಟ್ಟ ಮನೆಗಳ ಹುಡುಗರೂ ಹೊರಟರು. ಪ್ಲೇಟು ತೊಳೆಯುವ ಹುಡುಗ ಟೇಬಲ್ ಒರೆಸಿ, ವೇಟರ್ ಆಗಿ, ಅಡುಗೆ ಮಾಡುವ ಭಂಡಾರಿಯಾಗಿ, ಕೊನೆಗೆ ಸ್ವಂತ ಗಲ್ಲಾದಲ್ಲಿ ಕೂರುವುದು ಹೋಟೆಲು ಲೋಕದ ಏಣಿ. ಹಗಲು ದುಡಿದವರು ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತು ಪದವೀಧರರಾದದ್ದೂ ಉಂಟು. ಫೋರ್ಟ್, ದಾದರ್‌ಗಳ ಬಾಡಿಗೆ ಏರಿದಂತೆಲ್ಲ ಮನೆಯೂ ಹೋಟೆಲೂ ಲೋಕಲ್ ಹಳಿಗುಂಟ ಠಾಣೆ, ಡೊಂಬಿವಲಿ, ಠಾಕುರ್ಲಿಗೆ ಸರಿದು ಬಂದವು.

ಅವರ ಜೊತೆ ಬಂದದ್ದು ಕೋರಿ ರೊಟ್ಟಿ. ಕುಚ್ಚಲಕ್ಕಿಯ ಹಿಟ್ಟನ್ನು ಕಾದ ಕಾವಲಿಯ ಮೇಲೆ ಹಾಳೆಯಂತೆ ಎಳೆದು ಗರಿಗರಿಯಾಗಿ ಒಣಗಿಸಿದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಹಾಗಾಗಿಯೇ ಪ್ಯಾಕೆಟ್ಟಿನಲ್ಲಿ ಊರಿಂದ ಮುಂಬಯಿಯವರೆಗೆ ಬರುತ್ತದೆ. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಮೆಂತ್ಯ, ಬೆಳ್ಳುಳ್ಳಿ ಹುರಿದು ಅರೆದು ತೆಂಗಿನ ಹಾಲು ಸೇರಿಸಿದ ಕೋಳಿ ಗಸಿಯನ್ನು ಮುರಿದ ರೊಟ್ಟಿಯ ಮೇಲೆ ಸುರಿಯಬೇಕು. ಅರ್ಧ ಮೆತ್ತಗಾಗಿ ಅರ್ಧ ಗರಿಗರಿಯಾಗಿರುವಾಗಲೇ ತಿನ್ನಬೇಕು. ಹೈನಾನಿನ ಅನ್ನ ಕೋಳಿಯ ಸತ್ವವನ್ನು ಒಲೆಯ ಮೇಲೆಯೇ ಹೀರಿಕೊಳ್ಳುತ್ತದೆ, ನಮ್ಮ ರೊಟ್ಟಿ ಅದನ್ನು ತಟ್ಟೆಯಲ್ಲಿ ಹೀರುತ್ತದೆ. ಎರಡರಲ್ಲೂ ಕೋಳಿಯಷ್ಟೇ ಮುಖ್ಯ ಅಕ್ಕಿ.

ಹೆಸರು ಉಳಿಯಬೇಕಾದವರು

ಸಿಂಗಾಪುರ ತನ್ನ ಬೀದಿ ಅಡುಗೆಯವರನ್ನು ಗೌರವಿಸಿತು. ಅಲ್ಲಿನ ಹಾಕರ್ ಸಂಸ್ಕೃತಿ 2020ರ ಡಿಸೆಂಬರಿನಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. 2022ರ ಜೂನ್‌ನಲ್ಲಿ ಮಲೇಷ್ಯಾ ಕೋಳಿ ರಫ್ತು ನಿಲ್ಲಿಸಿದಾಗ ಚಿಕನ್ ರೈಸಿನ ಗತಿಯೇನೆಂಬುದು ದೇಶದ ದೊಡ್ಡ ಸುದ್ದಿಯಾಯಿತು. ನಮ್ಮಲ್ಲಿ ಸಸ್ಯಾಹಾರಿ ಉಡುಪಿ ಹೋಟೆಲುಗಳ ಬಗ್ಗೆ ಒಂದಿಷ್ಟು ಬರವಣಿಗೆ ಆಗಿದೆ. 1942ರಲ್ಲಿ ಮಾಟುಂಗದಲ್ಲಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭಿಸಿದ ಎ. ರಾಮ ನಾಯಕರ ಹೆಸರು ಮುಂಬಯಿಗೆ ಗೊತ್ತು. ಆದರೆ ಮಾಂಸಾಹಾರಿ ಲಂಚ್ ಹೋಮ್‌ಗಳ ಒಲೆಯ ಮುಂದೆ ನಿಂತು ಗಸಿ ಕುದಿಸಿದ ಭಂಡಾರಿಗಳ ಹೆಸರು ಎಷ್ಟು ಜನರಿಗೆ ಗೊತ್ತು? ನಗರಕ್ಕೆ ಅನ್ನ ಹಾಕಿದವರು ಅವರು. ಅವರ ಬದುಕು ಬರೆದಿಡಬೇಕಾದ ಇತಿಹಾಸ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಈ ಕೆಲಸಕ್ಕೆ ಠಾಕುರ್ಲಿಯಷ್ಟು ತಕ್ಕ ಜಾಗ ಬೇರೊಂದಿಲ್ಲ. ಡೊಂಬಿವಲಿ ಕರ್ನಾಟಕ ಸಂಘದ ಮಂಜುನಾಥ ಕಾಲೇಜು ಇಲ್ಲೇ ಇದೆ. ಹೋಟೆಲಿನವರ ಮಕ್ಕಳು, ಮೊಮ್ಮಕ್ಕಳು ಈ ಸುತ್ತಿನಲ್ಲೇ ಓದುತ್ತಿದ್ದಾರೆ. ಕೈಯಲ್ಲಿ ಮೊಬೈಲ್ ಇರುವ ಈ ಹುಡುಗರು ಹಿರಿಯ ಭಂಡಾರಿಗಳನ್ನು ಕೂರಿಸಿಕೊಂಡು ಮಾತಾಡಿಸಲಿ: ಯಾವ ಊರಿಂದ ಬಂದಿರಿ, ಯಾರ ಕೈಕೆಳಗೆ ಕಲಿತಿರಿ, ಮಸಾಲೆಯ ಅಳತೆ ಎಷ್ಟು ಎಂದು ಕೇಳಿ ದಾಖಲಿಸಲಿ. ಸಂಘಗಳು ಅದನ್ನು ಪುಸ್ತಕವಾಗಿಸಲಿ. ಓದುಗರೂ ಮುಂದಿನ ಸಲ ಇಂಥ ಹೋಟೆಲಿಗೆ ಹೋದಾಗ ಫ್ರೈಡ್ ರೈಸ್ ಬಿಟ್ಟು ಕೋರಿ ರೊಟ್ಟಿ ಕೇಳಿ. ಉಂಡ ಮೇಲೆ ಅದನ್ನು ಮಾಡಿದವರ ಹೆಸರನ್ನೂ ಕೇಳಿ.