ಲೋಹವನ್ನು ಕಾಯುವ ಕಾಣದ ಕವಚ

ಮಳೆಗಾಲದಲ್ಲಿ ಅಂಗಳದಲ್ಲಿ ಮರೆತ ಕುಡುಗೋಲಿಗೆ ನಾಲ್ಕಾರು ದಿನಗಳಲ್ಲಿಯೇ ತುಕ್ಕು ಹಿಡಿಯುವುದನ್ನು ನಾವೆಲ್ಲರೂ ನೋಡಿದ್ದೇವೆ. ಅದರ ಪಕ್ಕದಲ್ಲಿದ್ದ ಅಲ್ಯೂಮಿನಿಯಂ ತಂಬಿಗೆಯಾದರೋ ಹೆಚ್ಚೆಂದರೆ ತುಸು ಮಂಕಾಗುತ್ತದೆ. ಹಾಗಾದರೆ ಈ ಲೋಹಕ್ಕೆ ಆಮ್ಲಜನಕದೊಡನೆ ಕೂಡುವ ಒಲವಿಲ್ಲವೆನ್ನಬಹುದೆ?

ಸಂಗತಿ ಇದಕ್ಕೆ ತೀರ ವಿರುದ್ಧವಾಗಿದೆ. ಆಮ್ಲಜನಕದ ಮೇಲೆ ಕಬ್ಬಿಣಕ್ಕಿಂತ ಅಲ್ಯೂಮಿನಿಯಮಿಗೇ ಒಲವು ಹೆಚ್ಚು. ಅದರ ಹೊಸ ಮೈ ಗಾಳಿಗೆ ಒಡ್ಡಿದೊಡನೆಯೇ ಅಲ್ಯೂಮಿನಿಯಂ ಆಕ್ಸೈಡಿನ ಪೊರೆಯೊಂದು ಮೂಡುತ್ತದೆ. ಈ ಪೊರೆಯ ದಪ್ಪ ಒಂದು ಮಿಲಿಮೀಟರಿನ ಹತ್ತು ಲಕ್ಷ ಭಾಗಗಳಲ್ಲಿ ಕೆಲವೇ ಭಾಗಗಳಷ್ಟು. ಕಬ್ಬಿಣದ ತುಕ್ಕು ಸಡಿಲವಾದುದು; ಅದು ಹಕ್ಕಳೆಯಾಗಿ ಉದುರಿ, ಒಳಗಿನ ಲೋಹವನ್ನು ಮತ್ತೆ ಗಾಳಿಗೆ ಒಪ್ಪಿಸುತ್ತದೆ. ಅಲ್ಯೂಮಿನಿಯಮಿನ ಪೊರೆಯಾದರೋ ಬಿಗಿಯಾಗಿ ಅಂಟಿಕೊಂಡು ಗಾಳಿಯನ್ನು ತಡೆಯುತ್ತದೆ. ಗೀರಿದರೆ, ಗೀರಿದ ಜಾಗದಲ್ಲಿ ಕೂಡಲೇ ಹೊಸ ಪೊರೆ ಹುಟ್ಟುತ್ತದೆ.

ಇದೇ ಆಕ್ಸೈಡು ಭೂಮಿಯೊಳಗೆ ಹರಳುಗಟ್ಟಿದಾಗ ಕುರುಂದದ ಕಲ್ಲೆನಿಸುತ್ತದೆ. ಹಳೆಯ ಮೈಸೂರಿನ ಹಲವೆಡೆಗಳಲ್ಲಿ ಇದು ದೊರೆಯುತ್ತದೆ. ಕಾಠಿಣ್ಯದ ಮೋಸ್ ಮಾನದಲ್ಲಿ ವಜ್ರಕ್ಕೆ 10 ಆದರೆ ಇದಕ್ಕೆ 9. ಆದುದರಿಂದಲೇ ಸಾಣೆಗಲ್ಲಿಗೂ ಉಜ್ಜುಕಾಗದಕ್ಕೂ ಇದರ ಪುಡಿ ಬೇಕು. ತುಸು ಕ್ರೋಮಿಯಂ ಬೆರೆತರೆ ಈ ಹರಳೇ ಕೆಂಪು ಮಾಣಿಕ್ಯ. ಕಬ್ಬಿಣವೂ ಟೈಟೇನಿಯಮೂ ಬೆರೆತರೆ ನೀಲ. 1960ರಲ್ಲಿ ಮೈಮನ್ ಎಂಬ ಅಮೆರಿಕದ ವಿಜ್ಞಾನಿಯು ಮೊದಲ ಲೇಸರ್ ಕಿರಣವನ್ನು ಪಡೆದುದು ಕೃತಕ ಮಾಣಿಕ್ಯದಿಂದಲೇ. ಇನ್ನು, ಕರಗಲು 2000 ಡಿಗ್ರಿ ಸೆಂಟಿಗ್ರೇಡಿಗೂ ಮೀರಿದ ಉಷ್ಣ ಬೇಕಾದುದರಿಂದ ಕುಲುಮೆಯ ಇಟ್ಟಿಗೆಗೂ, ವಿದ್ಯುತ್ತನ್ನು ತಡೆಯುವುದರಿಂದ ಮೋಟಾರಿನ ಸ್ಪಾರ್ಕ್ ಪ್ಲಗ್ಗಿಗೂ ಇದು ಒದಗುತ್ತದೆ.

ಇಷ್ಟು ಬಿಗಿಯಾದ ನಂಟನ್ನು ಬಿಡಿಸಿ ಲೋಹವನ್ನು ಪಡೆಯುವುದು ಸುಲಭವಾಗಿರಲಿಲ್ಲ. 1886ರಲ್ಲಿ ಅಮೆರಿಕದ ಹಾಲ್, ಫ್ರಾನ್ಸಿನ ಎರೂ ಇಬ್ಬರೂ ಬೇರೆಬೇರೆಯಾಗಿ ಒಂದೇ ಉಪಾಯವನ್ನು ಕಂಡರು. ಕರಗಿದ ಕ್ರಯೋಲೈಟ್ ಎಂಬ ಖನಿಜದಲ್ಲಿ ಆಕ್ಸೈಡನ್ನು ಲೀನಗೊಳಿಸಿ ವಿದ್ಯುತ್ತನ್ನು ಹಾಯಿಸಿದರೆ, ಸುಮಾರು 950 ಡಿಗ್ರಿಯಲ್ಲಿಯೇ ಲೋಹವು ಬೇರ್ಪಡುತ್ತದೆ. ಅಲ್ಲಿಯವರೆಗೆ ದುಬಾರಿಯಾಗಿದ್ದ ಅಲ್ಯೂಮಿನಿಯಂ ಹೀಗೆ ಬಡವರ ಅಡುಗೆಮನೆಗೂ ಬಂದಿತು.

ಆದರೆ ಈ ಕವಚಕ್ಕೂ ಹಗೆಗಳುಂಟು. ಆಮ್ಲದಲ್ಲಿಯೂ ಕ್ಷಾರದಲ್ಲಿಯೂ ಅದು ಕರಗುತ್ತದೆ. ಕ್ಷಾರದಲ್ಲಿ ಕರಗುವ ಗುಣದಿಂದಲೇ ಬಾಕ್ಸೈಟ್ ಅದುರಿನಿಂದ ಶುದ್ಧ ಆಕ್ಸೈಡನ್ನು ಪಡೆಯುತ್ತೇವೆ. ಬೆಳಗಾವಿಯ ಕಾರ್ಖಾನೆಯಲ್ಲಿ ನಡೆಯುವ ಕೆಲಸವೂ ಇದೇ. ಅಡುಗೆಮನೆಯಲ್ಲಿ ಮಾತ್ರ ಈ ಗುಣವೇ ದೋಷವಾಗುತ್ತದೆ. ಹುಣಿಸೆಯ ಸಾರನ್ನೋ ಉಪ್ಪಿನಕಾಯಿಯನ್ನೋ ಅಲ್ಯೂಮಿನಿಯಂ ಪಾತ್ರೆಯಲ್ಲಿ ಇರಿಸಿದರೆ ಪೊರೆ ಸವೆದು, ಲೋಹವು ಆಹಾರದೊಳಗೆ ಇಳಿಯುತ್ತದೆ. ಹುಳಿಯನ್ನು ಗಾಜಿನಲ್ಲಿಯೋ ಪಿಂಗಾಣಿಯ ಜಾಡಿಯಲ್ಲಿಯೋ ಇಡಬೇಕೆನ್ನುವುದು ಬರಿಯ ರೂಢಿಯಲ್ಲ. ಅದರ ಹಿಂದೆ ರಸಾಯನಶಾಸ್ತ್ರವಿದೆ.